ಹಿತ್ತಾಳೆಯ ದೇವಿ: ನೋಡುವ ಕಣ್ಣು, ಬೆಳಗುವ ಕೈ

ಕನ್ನಡದಲ್ಲಿ ಹಿತ್ತಾಳೆಗೆ ಅಷ್ಟೇನೂ ಮರ್ಯಾದೆಯಿಲ್ಲ. ಯಾರು ಏನು ಚಾಡಿ ಹೇಳಿದರೂ ನಂಬುವವನಿಗೆ ‘ಹಿತ್ತಾಳೆ ಕಿವಿಯವನು’ ಎಂದು ಹೆಸರಿಡುತ್ತೇವೆ. ಚಿನ್ನದ ಪಕ್ಕದಲ್ಲಿಟ್ಟು ಅದನ್ನು ಹಳಿಯುತ್ತೇವೆ. ಹೀಗಿದ್ದೂ ನಮ್ಮ ದೇವರ ಮನೆ ತುಂಬಿರುವುದು ಹಿತ್ತಾಳೆಯಿಂದಲೇ. ದೀಪದ ಕಂಬ, ಗಂಟೆ, ಹರಿವಾಣ, ಆರತಿ ತಟ್ಟೆ, ಇವುಗಳ ನಡುವೆ ಗೇಣಿಗಿಂತ ಚಿಕ್ಕವಳಾದ ಒಬ್ಬ ದೇವಿ. ಕೆಲವರ ಮನೆಯಲ್ಲಿ ಅವಳು ಸೌಟು ಹಿಡಿದ ಅನ್ನಪೂರ್ಣೆ, ಕೆಲವರಲ್ಲಿ ಲಕ್ಷ್ಮಿ, ಇನ್ನು ಕೆಲವರಲ್ಲಿ ಎಲ್ಲಮ್ಮ, ದುರ್ಗೆ, ಚಾಮುಂಡಿ. ಊರು ಬಿಟ್ಟು ಮುಂಬಯಿಗೆ ಬಂದ ನಮ್ಮ ಹಿರಿಯರ ಟ್ರಂಕಿನಲ್ಲಿ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಬಂದವಳು ಇವಳೇ.

ಈಗ ಅದೇ ದೇವಿ ಬಾಂದ್ರಾದ ಅಂಗಡಿಗಳ ಗಾಜಿನ ಹಿಂದೆಯೂ ನಿಂತಿದ್ದಾಳೆ. ಮನೆಯಲಂಕಾರದ ಸಾಮಾನು ಮಾರುವಲ್ಲಿ ಎರಡಡಿ, ಮೂರಡಿ ಎತ್ತರದ ದುರ್ಗೆ, ಕಮಲದ ಮೇಲೆ ಕುಳಿತ ಲಕ್ಷ್ಮಿ, ವೀಣೆ ಹಿಡಿದ ಸರಸ್ವತಿ. ಮೇಲಿನಿಂದ ವಿದ್ಯುತ್ ದೀಪದ ಬೆಳಕು, ಕೆಳಗೆ ಬೆಲೆಯ ಚೀಟಿ. ಅಲ್ಲಿಂದ ಅವಳು ಹೊಸ ಫ್ಲ್ಯಾಟುಗಳ ಪಡಸಾಲೆಗೆ, ಕಚೇರಿಗಳ ಮುಂಬಾಗಿಲಿಗೆ, ಹೋಟೆಲುಗಳ ಗಲ್ಲಾಪೆಟ್ಟಿಗೆಯ ಪಕ್ಕಕ್ಕೆ ಹೋಗುತ್ತಾಳೆ. ನಮ್ಮವರ ಮನೆಗಳೂ ಇದಕ್ಕೆ ಹೊರತಲ್ಲ. ಅಡುಗೆಮನೆಯ ಮೂಲೆಯ ಪುಟ್ಟ ಕಪಾಟಿನಲ್ಲಿ ಅಜ್ಜಿಯ ದೇವಿ. ಹೊರಗೆ ಸೋಫಾದ ಪಕ್ಕದಲ್ಲಿ ಅಂಗಡಿಯ ದೇವಿ. ಒಂದೇ ಲೋಹ, ಒಂದೇ ಹೆಸರು. ಇವರಲ್ಲಿ ಯಾರು ಕಲೆ, ಯಾರು ದೇವರು? ನಾಳೆ ಮಕ್ಕಳು ಮನೆ ಬದಲಿಸುವಾಗ ಯಾರನ್ನು ಜೊತೆಗೆ ಒಯ್ಯುತ್ತಾರೆ, ಯಾರನ್ನು ಬಿಟ್ಟು ಹೋಗುತ್ತಾರೆ? ಈ ಪ್ರಶ್ನೆಗಳನ್ನು ವಿಮರ್ಶೆಯ ದೃಷ್ಟಿಯಿಂದ ನೋಡುವುದು ಈ ಲೇಖನದ ಉದ್ದೇಶ.

ಮೇಣದಿಂದ ಹುಟ್ಟಿದವಳು

ಮೂರ್ತಿಯನ್ನು ವಿಮರ್ಶಿಸುವ ಮುನ್ನ ಅದು ಹುಟ್ಟುವ ಬಗೆ ತಿಳಿದಿರಬೇಕು. ಈ ವಿಷಯದಲ್ಲಿ ಕನ್ನಡ ನಾಡಿಗೆ ಒಂದು ಹೆಮ್ಮೆಯ ಸಂಗತಿಯಿದೆ. ಲೋಹದ ಪ್ರತಿಮೆಯನ್ನು ಎರಕ ಹೊಯ್ಯುವ ಕ್ರಮವನ್ನು ವಿವರವಾಗಿ ಬರೆದಿಟ್ಟ ನಮ್ಮ ದೇಶದ ಹಳೆಯ ಗ್ರಂಥಗಳಲ್ಲಿ ಪ್ರಮುಖವಾದುದು ‘ಮಾನಸೋಲ್ಲಾಸ’. ಸಂಸ್ಕೃತದಲ್ಲಿರುವ ಈ ಗ್ರಂಥದ ಕರ್ತೃ ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ. ಕಾಲ 1130ರ ಸುಮಾರು. ಮೊದಲು ಮೇಣದಲ್ಲಿ ಮೂರ್ತಿ ಮಾಡಬೇಕು. ಬೆನ್ನು, ಹೆಗಲು, ಕಿರೀಟದಂಥ ಜಾಗಗಳಲ್ಲಿ ದತ್ತೂರದ ಹೂವಿನಂತೆ ಬಾಯಗಲಿಸಿದ ನಳಿಗೆಗಳನ್ನು ಇಡಬೇಕು. ಅದರ ಮೇಲೆ ನುಣ್ಣಗೆ ಅರೆದ ಮಣ್ಣನ್ನು ತೆಳ್ಳಗೆ ಬಳಿದು ನೆರಳಿನಲ್ಲಿ ಒಣಗಿಸಬೇಕು. ಹೀಗೆ ಮೂರು ಲೇಪ. ಆಮೇಲೆ ಕಾಯಿಸಿದರೆ ಮೇಣ ಕರಗಿ ಹರಿದುಹೋಗುತ್ತದೆ. ಆ ಬರಿದಾದ ಜಾಗಕ್ಕೆ ಕರಗಿದ ಲೋಹವನ್ನು ಹೊಯ್ಯಬೇಕು. ಎಷ್ಟು ಲೋಹ ಬೇಕು? ಮೇಣವನ್ನು ಮೊದಲೇ ತೂಗಿಟ್ಟುಕೊಂಡಿದ್ದರೆ ಲೆಕ್ಕ ಸುಲಭ: ಹಿತ್ತಾಳೆ, ತಾಮ್ರಕ್ಕೆ ಎಂಟರಿಂದ ಹತ್ತು ಪಟ್ಟು, ಬೆಳ್ಳಿಗೆ ಹನ್ನೆರಡು ಪಟ್ಟು, ಬಂಗಾರಕ್ಕೆ ಹದಿನಾರು ಪಟ್ಟು. ಅರಸನೊಬ್ಬ ಇಷ್ಟು ಸೂಕ್ಷ್ಮವಾಗಿ ಇದನ್ನು ತಿಳಿದು ಬರೆದನೆಂದರೆ ಅಂದಿನ ಕಸುಬುದಾರರು ಯಾವ ಮಟ್ಟದವರಿರಬೇಕು!

ಈ ವಿಧಾನದ ಒಂದು ಗುಣವನ್ನು ಗಮನಿಸಬೇಕು. ಮಣ್ಣಿನ ಅಚ್ಚನ್ನು ಒಡೆಯದೆ ಮೂರ್ತಿ ಹೊರಗೆ ಬರುವುದಿಲ್ಲ. ಮೇಣವಂತೂ ಮೊದಲೇ ಹೋಗಿರುತ್ತದೆ. ಆದ್ದರಿಂದ ಒಂದು ಮೇಣಕ್ಕೆ ಒಂದೇ ಮೂರ್ತಿ. ಮಂಡ್ಯ ಜಿಲ್ಲೆಯ ನಾಗಮಂಗಲ ಲೋಹದ ವಿಗ್ರಹಗಳಿಗೆ ಹಿಂದಿನಿಂದಲೂ ಹೆಸರಾದ ಊರು. ತಮಿಳುನಾಡಿನ ಸ್ವಾಮಿಮಲೆಯಲ್ಲಿ ಈ ಕಸುಬು ಇಂದಿಗೂ ದೊಡ್ಡ ಪ್ರಮಾಣದಲ್ಲಿ ನಡೆಯುತ್ತಿದೆ. ಇಂಥ ಕೈಗಳಲ್ಲಿ ಹುಟ್ಟಿದ ಎರಡು ಲಕ್ಷ್ಮಿಯರು ಅಕ್ಕತಂಗಿಯರಂತೆ ಇರಬಹುದು, ಅವಳಿಗಳಂತೆ ಇರುವುದಿಲ್ಲ.

ಉತ್ತರ ಪ್ರದೇಶದ ಮುರಾದಾಬಾದ್, ಅಲಿಗಢದ ಕಡೆಯಿಂದ ದೇಶದ ಪೇಟೆಗಳಿಗೆಲ್ಲ ಹೋಗುವ ಹಿತ್ತಾಳೆಯ ಮೂರ್ತಿಗಳ ದಾರಿ ಬೇರೆ. ಅಲ್ಲಿ ಹೆಚ್ಚಾಗಿ ನಡೆಯುವುದು ಮರಳಿನ ಅಚ್ಚಿನ ಕೆಲಸ. ಒಂದು ಮಾದರಿಯನ್ನು ಮರಳಿನಲ್ಲಿ ಒತ್ತಿ, ತೆಗೆದು, ಆ ಗುಂಡಿಗೆ ಲೋಹ ಹೊಯ್ಯುತ್ತಾರೆ. ಅದೇ ಮಾದರಿಯನ್ನು ಮತ್ತೆ ಮತ್ತೆ ಒತ್ತುತ್ತಾರೆ. ಆಮೇಲೆ ಅರ ಹಾಕಿ, ನಕಾಶಿ ಕೆತ್ತಿ, ಹೊಳಪು ಕೊಡುತ್ತಾರೆ. ಇದನ್ನು ಕೀಳೆಂದು ನಾವು ಹೇಳುತ್ತಿಲ್ಲ. ಸಾವಿರಾರು ಕುಟುಂಬಗಳಿಗೆ ಅದು ಅನ್ನ. ಕಡಿಮೆ ಬೆಲೆಗೆ ಬಡವನ ಮನೆಗೂ ಒಂದು ದೇವಿ ಬರುವಂತಾದದ್ದು ಈ ಮರಳಿನಿಂದಲೇ. ಆದರೆ ಕೊಳ್ಳುವವರಿಗೆ ಯಾವುದು ಯಾವುದೆಂದು ಗೊತ್ತಿರಬೇಕು. ಅಂಗಡಿಯವರ ಬಾಯಲ್ಲಿ ಹಿತ್ತಾಳೆಯೂ ‘ಪಂಚಲೋಹ’ವಾಗುವುದುಂಟು. ತಾಮ್ರ ಮತ್ತು ಸತು ಸೇರಿದರೆ ಹಿತ್ತಾಳೆ. ತಾಮ್ರ ಮತ್ತು ತವರ ಸೇರಿದರೆ ಕಂಚು. ಬೆಳ್ಳಿ ಬಂಗಾರಗಳೂ ಅಲ್ಪ ಪ್ರಮಾಣದಲ್ಲಿ ಸೇರಿದರೆ ಪಂಚಲೋಹ. ಹಿತ್ತಾಳೆ ಹಿತ್ತಾಳೆಯಾಗಿಯೇ ಇರಲಿ, ಅದರಲ್ಲಿ ಅವಮಾನವೇನಿಲ್ಲ.

ಗಾಜಿನ ಹಿಂದಿನ ದೇವಿ

ಇನ್ನು ಅಂಗಡಿಯ ದೇವಿಯನ್ನು ಕಲೆಯಾಗಿ ನೋಡೋಣ. ಕಲೆಯೆಂದೇ ಮಾರುತ್ತಾರಾದ್ದರಿಂದ ಕಲೆಯ ಅಳತೆಗೋಲು ಹಿಡಿಯುವುದು ನ್ಯಾಯವೇ.

ಮೊದಲನೆಯ ಮಾತು, ಮುಖ. ಇಂದಿನ ಬಹುಪಾಲು ಹಿತ್ತಾಳೆ ಲಕ್ಷ್ಮಿ, ಸರಸ್ವತಿಯರ ಮುಖ ಶಿಲ್ಪಿಯ ಪರಂಪರೆಯಿಂದ ಬಂದುದಲ್ಲ, ಮುದ್ರಿತ ಚಿತ್ರಗಳಿಂದ ಬಂದುದು. ಇದರ ಮೂಲ ದೂರದಲ್ಲೇನೂ ಇಲ್ಲ. ರಾಜಾ ರವಿವರ್ಮನ ಮುದ್ರಣಾಲಯ 1894ರಲ್ಲಿ ಆರಂಭವಾದದ್ದು ನಮ್ಮ ಮುಂಬಯಿಯ ಗಿರಗಾಂವದಲ್ಲೇ. ಅಲ್ಲಿಂದ ಹೊರಟ ಬಣ್ಣದ ಚಿತ್ರಗಳು, ಅವುಗಳ ಹಿಂದೆಯೇ ಬಂದ ಕ್ಯಾಲೆಂಡರುಗಳು ದೇಶಕ್ಕೆಲ್ಲ ಒಂದೇ ಲಕ್ಷ್ಮಿಯನ್ನು ಕೊಟ್ಟವು. ಚಿತ್ರದಲ್ಲಿ ಬಣ್ಣ, ನೆರಳು, ಸೀರೆಯ ನೆರಿಗೆ ಸೇರಿ ಮುಖಕ್ಕೆ ಕಳೆ ತರುತ್ತವೆ. ಅದನ್ನೇ ಬಣ್ಣವಿಲ್ಲದ ಲೋಹಕ್ಕೆ ಇಳಿಸಿದಾಗ ಕಳೆ ಹೋಗಿ ಕೆನ್ನೆ ಮಾತ್ರ ಉಳಿಯುತ್ತದೆ. ದಕ್ಷಿಣದ ಹಳೆಯ ಲೋಹಶಿಲ್ಪಿಗೆ ಇದು ಗೊತ್ತಿತ್ತು. ಅವನು ಮೂಗನ್ನು ಚೂಪಾಗಿಸಿ, ಹುಬ್ಬನ್ನು ಒಂದು ಗೆರೆಯಲ್ಲಿ ಎಳೆದು, ಕಣ್ಣನ್ನು ನೀಳವಾಗಿ ಬಿಡಿಸುತ್ತಿದ್ದ. ಎಣ್ಣೆ ದೀಪದ ಅಲುಗಾಡುವ ಬೆಳಕಿನಲ್ಲಿ ಮುಖ ಕಾಣಬೇಕು ಎಂಬುದು ಅವನ ಲೆಕ್ಕ. ಅಂಗಡಿಯ ಸ್ಥಿರ ಬೆಳಕಿಗೆ ಮಾಡಿದ ಮುಖವನ್ನು ದೀಪದ ಮುಂದಿಟ್ಟು ನೋಡಿ. ವ್ಯತ್ಯಾಸ ತಾನಾಗಿ ತಿಳಿಯುತ್ತದೆ.

ಎರಡನೆಯದು, ಕಥೆ. ಮಹಿಷಮರ್ದಿನಿಯೆಂದರೆ ಕನ್ನಡಿಗನ ಕಣ್ಣಿಗೆ ಬಾದಾಮಿಯಿಂದ ಹೊಯ್ಸಳ ದೇಗುಲಗಳವರೆಗೆ ಕಲ್ಲಿನಲ್ಲಿ ಕಂಡ ಒಂದು ಕ್ರಿಯೆ: ಮಣಿಸಿದ ಕೋಣ, ಊರಿದ ಕಾಲು, ಇಳಿಯುತ್ತಿರುವ ತ್ರಿಶೂಲ. ಮೈಸೂರಿನ ಹೆಸರಿನಲ್ಲೇ ಆ ಮಹಿಷ ಇದ್ದಾನೆ. ಈಗ ಹೆಚ್ಚಾಗಿ ಬರುವ ದುರ್ಗೆ ಉತ್ತರದ ‘ಶೇರಾವಾಲಿ’. ಹುಲಿಯ ಮೇಲೋ ಸಿಂಹದ ಮೇಲೋ ಹಾಯಾಗಿ ಕುಳಿತಿದ್ದಾಳೆ, ಕೋಣನ ಸುಳಿವಿಲ್ಲ. ಎಂಟು ಕೈಗಳಲ್ಲಿ ಆಯುಧಗಳಿವೆ, ಆದರೆ ಒಂದೂ ಕೆಲಸದಲ್ಲಿಲ್ಲ. ಉತ್ತರದವರ ಭಕ್ತಿಗೆ ಆ ರೂಪ ಸಹಜವೇ. ನಮ್ಮವರು ಅದನ್ನು ಚಾಮುಂಡಿಯೆಂದು ತಂದು ನಿಲ್ಲಿಸಿದಾಗ ಮಾತ್ರ ಮಕ್ಕಳಿಗೆ ಹೇಳಬೇಕಾದ ಅರ್ಧ ಕಥೆ ಮಾಯವಾಗುತ್ತದೆ.

ಮೂರನೆಯದು, ಬೆನ್ನು. ಮೂರ್ತಿಯನ್ನು ತಿರುಗಿಸಿ ನೋಡುವ ಅಭ್ಯಾಸ ಬಹಳ ಜನಕ್ಕಿಲ್ಲ. ಉತ್ಸವಕ್ಕೆಂದು ಮಾಡಿದ ಹಳೆಯ ಮೂರ್ತಿಯ ಹಿಂಭಾಗದಲ್ಲಿ ಜಡೆ, ಸರದ ಗಂಟು, ಸೀರೆಯ ಸೆರಗು, ತಲೆಯ ಹಿಂದಿನ ಚಕ್ರ ಎಲ್ಲವೂ ಇರುತ್ತವೆ. ಏಕೆಂದರೆ ಮೆರವಣಿಗೆ ಮುಂದೆ ಹೋದ ಮೇಲೆ ಹಿಂದೆ ನಡೆಯುವವರಿಗೂ ದೇವಿ ಕಾಣಬೇಕು. ಸ್ನಾನ ಮಾಡಿಸುವ ಕೈಗೆ ಬೆನ್ನೂ ಸಿಗುತ್ತದೆ. ಗೋಡೆಗೆ ಒರಗಿಸಿ ಇಡಲು ಮಾಡಿದ ಮೂರ್ತಿಯ ಬೆನ್ನು ಹಲವು ವೇಳೆ ಬರಿದು, ಇಲ್ಲವೆ ಟೊಳ್ಳು. ಮುಂದೆ ದೇವಿ, ಹಿಂದೆ ತಗಡು.

ನಾಲ್ಕನೆಯದು, ಎತ್ತರ. ಇಲ್ಲಿ ಪೈಪೋಟಿಯೇ ನಡೆದಿದೆ. ಆದರೆ ಮತ್ಸ್ಯಪುರಾಣ ಮನೆಯಲ್ಲಿ ಪೂಜಿಸುವ ಪ್ರತಿಮೆಗೆ ಹೇಳುವ ಅಳತೆ ಹೆಬ್ಬೆರಳ ಗೆಣ್ಣಿನಿಂದ ಒಂದು ಗೇಣಿನವರೆಗೆ. ಅದಕ್ಕಿಂತ ದೊಡ್ಡದು ದೇವಸ್ಥಾನಕ್ಕೆ. ಚಾಳಿನ ಹತ್ತಡಿಯ ಖೋಲಿಯಲ್ಲಿ ಸಂಸಾರ ಮಾಡಿದ ನಮ್ಮ ಹಿರಿಯರು ಪುರಾಣ ಓದದೆಯೂ ಈ ಅಳತೆಯನ್ನು ಪಾಲಿಸಿದರು. ಎರಡು ಮಲಗುವ ಕೋಣೆಗಳ ಮನೆಗೆ ಬಂದ ಮೇಲೆ ದೇವಿ ಬೆಳೆದಳು, ಪೂಜೆ ಕುಗ್ಗಿತು.

ಬೆಳಗು ಎಂಬ ಮಾತು

ಇಷ್ಟೆಲ್ಲ ದೋಷ ಹೇಳಿದ ಮೇಲೆ ಅಜ್ಜಿಯ ದೇವಿ ಕಲಾದೃಷ್ಟಿಯಿಂದ ಮೇಲೇ ಎಂದು ಯಾರಾದರೂ ಕೇಳಬಹುದು. ಹಾಗೇನೂ ಇಲ್ಲ. ಎಷ್ಟೋ ಮನೆಗಳ ದೇವಿಯನ್ನು ತೆಗೆದು ನೋಡಿದರೆ ಮೂಗು ಸವೆದಿರುತ್ತದೆ, ಕಣ್ಣಿನ ಗೆರೆ ಮಾಸಿರುತ್ತದೆ, ಕೈಯಲ್ಲಿರುವುದು ಕಮಲವೋ ಸೌಟೋ ತಿಳಿಯುವುದಿಲ್ಲ. ಜಾತ್ರೆಯ ಅಂಗಡಿಯಲ್ಲಿ ಕೊಂಡ ಸಾಧಾರಣ ಮೂರ್ತಿಗಳೇ ಹೆಚ್ಚು. ಆದರೆ ಆ ಸವೆತವನ್ನು ಓದಲು ಬರಬೇಕು. ಅದು ಹೇಗಾಯಿತು?

ಹಿತ್ತಾಳೆ ಗಾಳಿಗೆ ಕಂದುತ್ತದೆ. ಬಾಂದ್ರಾದಂಥ ಕಡಲ ತಡಿಯಲ್ಲಿ ಉಪ್ಪು ಗಾಳಿಗೆ ಇನ್ನೂ ಬೇಗ ಕಪ್ಪಾಗುತ್ತದೆ. ಹುಣಸೆಹಣ್ಣಿನ ಹುಳಿ ಆ ಕಿಲುಬನ್ನು ಕರಗಿಸುತ್ತದೆ. ಬೂದಿಯೋ ಮಣ್ಣೋ ಅದನ್ನು ಉಜ್ಜಿ ತೆಗೆಯುತ್ತದೆ. ಪ್ರತಿ ಸಲ ಕಿಲುಬಿನ ಜೊತೆಗೆ ಕಣ್ಣಿಗೆ ಕಾಣದಷ್ಟು ಲೋಹವೂ ಹೋಗುತ್ತದೆ. ಶುಕ್ರವಾರಕ್ಕೊಮ್ಮೆ, ಹಬ್ಬಕ್ಕೊಮ್ಮೆ ಎಂದು ಹಿಡಿದರೂ ಮೂರು ತಲೆಮಾರಿನಲ್ಲಿ ಎಷ್ಟು ಸಾವಿರ ಸಲವಾಯಿತು! ಹಾಗಾಗಿ ಆ ಸವೆದ ಮೂಗು ಶಿಲ್ಪಿಯ ಸೋಲಲ್ಲ. ಮನೆಯ ಹೆಂಗಸರ ಬೆರಳು ಅಷ್ಟು ವರ್ಷ ಬರೆದ ಬರಹ ಅದು. ಅವರ ಹೆಸರು ಯಾವ ಶಾಸನದಲ್ಲೂ ಇಲ್ಲ, ಇದ್ದರೆ ಇಲ್ಲಿದೆ.

ಕನ್ನಡ ಈ ಸತ್ಯವನ್ನು ಒಂದೇ ಕ್ರಿಯಾಪದದಲ್ಲಿ ಹಿಡಿದಿಟ್ಟಿದೆ. ಪಾತ್ರೆಯನ್ನು ಬೆಳಗುತ್ತೇವೆ, ಆರತಿಯನ್ನು ಬೆಳಗುತ್ತೇವೆ, ದೀಪ ಬೆಳಗುತ್ತದೆ, ಸೂರ್ಯ ಬಂದರೆ ಬೆಳಗಾಗುತ್ತದೆ. ಬಚ್ಚಲಿನ ಬಳಿ ಕುಳಿತು ಹುಣಸೆಹಣ್ಣು ಹಚ್ಚಿ ತಿಕ್ಕುವುದೂ ಅದೇ, ಗರ್ಭಗುಡಿಯ ಮುಂದೆ ಕರ್ಪೂರ ಎತ್ತುವುದೂ ಅದೇ. ದೇವಿಯನ್ನು ಮೊದಲು ಬೆಳಗಿ, ಆಮೇಲೆ ದೇವಿಗೆ ಬೆಳಗುವುದು. ಹಿತ್ತಾಳೆಯ ಪೂಜೆಯಲ್ಲಿ ದುಡಿಮೆ ಮತ್ತು ಭಕ್ತಿ ಎರಡಾಗಿ ನಿಲ್ಲುವುದಿಲ್ಲ.

ಅಂಗಡಿಯ ದೇವಿಗೆ ಈ ಭಾಗ್ಯವಿಲ್ಲ. ಅವಳ ಹೊಳಪು ಆರದಿರಲೆಂದು ಮೈಮೇಲೆ ತೆಳುವಾದ ವಾರ್ನಿಷ್ ಬಳಿದಿರುತ್ತಾರೆ. ಹುಳಿ ತಾಗಿಸಬೇಡಿ, ನೀರು ಹಾಕಬೇಡಿ, ಒಣ ಬಟ್ಟೆಯಿಂದ ಧೂಳು ಒರೆಸಿ ಎಂಬ ಸೂಚನೆ ಬೇರೆ. ಅಂದರೆ ಅಭಿಷೇಕ ಬೇಡ, ಅರಿಶಿನ ಕುಂಕುಮ ಬೇಡ, ತಾಯಿಯನ್ನು ಮುಟ್ಟಬೇಡಿ. ನಮ್ಮ ಮುಖ್ಯ ಆಕ್ಷೇಪ ಇದೇ. ಅವಳು ಸುಂದರವಾಗಿಲ್ಲವೆಂದಲ್ಲ, ಮುಟ್ಟಲಾರದವಳಾಗಿದ್ದಾಳೆ ಎಂದು. ನೋಡುವುದಕ್ಕೆಂದೇ ಇಟ್ಟುಕೊಳ್ಳುವವರು ಇಟ್ಟುಕೊಳ್ಳಲಿ, ತಪ್ಪಿಲ್ಲ. ಆದರೆ ‘ಮನೆಯಲ್ಲಿ ದೇವಿ ಇದ್ದಾಳೆ’ ಎಂಬ ಸಮಾಧಾನವನ್ನು ಅವಳಿಂದ ಪಡೆಯಬಾರದು.

ಚಲಿಸುವ ದೇವಿ

ನಮ್ಮಂಥ ವಲಸೆಗಾರರಿಗೆ ಲೋಹದ ದೇವಿ ಏಕೆ ಹತ್ತಿರದವಳು ಎಂಬುದಕ್ಕೂ ಕಾರಣವಿದೆ. ದೇವಾಲಯಗಳಲ್ಲಿ ಸಾಮಾನ್ಯವಾಗಿ ಎರಡು ಮೂರ್ತಿ: ಕದಲದ ಮೂಲಮೂರ್ತಿ, ಹೊರಗೆ ಬರುವ ಉತ್ಸವಮೂರ್ತಿ. ಮೊದಲನೆಯದು ಹೆಚ್ಚಾಗಿ ಕಲ್ಲು, ಎರಡನೆಯದು ಹೆಚ್ಚಾಗಿ ಲೋಹ. ತಮಿಳುನಾಡಿನ ಚೋಳರ ಕಾಲದ ಪಾರ್ವತಿಯರ ಪೀಠದಲ್ಲಿ ಕಾಣುವ ರಂಧ್ರಗಳು ಕೋಲು ತೂರಿಸಿ ಹೊರುವುದಕ್ಕೆಂದು ಮಾಡಿದವು. ಮೈಸೂರು ದಸರೆಯಲ್ಲಿ ಅರಸರ ಕಾಲ ಮುಗಿದ ಮೇಲೆ ಚಿನ್ನದ ಅಂಬಾರಿಯಲ್ಲಿ ಕುಳಿತು ಬರುವವಳು ಚಾಮುಂಡೇಶ್ವರಿ. ಬೆಟ್ಟದ ಮೇಲಿನ ಮೂಲಮೂರ್ತಿ ಅಲ್ಲೇ ಇರುತ್ತದೆ, ಉತ್ಸವಮೂರ್ತಿ ಜನರ ನಡುವೆ ಬರುತ್ತದೆ.

ಇದಕ್ಕಿಂತಲೂ ನೇರವಾದ ಉದಾಹರಣೆ ಸವದತ್ತಿಯ ಎಲ್ಲಮ್ಮ. ಅವಳ ಜೋಗತಿಯರು ಹಿತ್ತಾಳೆಯ ಕೊಡದ ಮೇಲೆ ದೇವಿಯ ಮುಖವಿಟ್ಟು, ಹೂವು ನವಿಲುಗರಿಗಳಿಂದ ಅಲಂಕರಿಸಿ, ತಲೆಯ ಮೇಲೆ ಹೊತ್ತು ಊರೂರು ತಿರುಗುತ್ತಾರೆ. ಚೌಡಿಕೆಯ ನಾದಕ್ಕೆ ಕೊಡ ಬೀಳದಂತೆ ಕುಣಿಯುತ್ತಾರೆ. ಗುಡಿಗೆ ಹೋಗಲಾರದವರ ಬಾಗಿಲಿಗೆ ಗುಡಿಯೇ ನಡೆದು ಬರುತ್ತದೆ. ಈ ಕಲೆಯ ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಸಂತೋಷಪಟ್ಟೆವು. ಎಲ್ಲಮ್ಮನ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ದೇವದಾಸಿಯರನ್ನಾಗಿ ಬಿಡುವ ಪದ್ಧತಿ ಇದ್ದುದನ್ನೂ, ಕರ್ನಾಟಕ ಸರಕಾರ 1982ರಲ್ಲಿ ಅದರ ವಿರುದ್ಧ ಕಾನೂನು ಮಾಡಬೇಕಾಯಿತೆಂಬುದನ್ನೂ ಇದರೊಂದಿಗೆ ನೆನೆಯಬೇಕು. ದೇವಿಯ ಮುಖವನ್ನು ಬೆಳಗಿದ ಸಮಾಜ ಅವಳನ್ನು ಹೊತ್ತ ಹೆಣ್ಣಿನ ಮುಖವನ್ನು ನೋಡಲಿಲ್ಲ. ಭಕ್ತಿಯನ್ನು ಹೊಗಳುವ ಲೇಖನದಲ್ಲಿ ಇದನ್ನು ಬಿಟ್ಟರೆ ಅದು ವಿಮರ್ಶೆಯಾಗದು.

ತುಳುನಾಡಿನಿಂದ ಬಂದ ನಮ್ಮ ಓದುಗರಿಗೆ ‘ಭಂಡಾರ ಬರುವುದು’ ಎಂದರೆ ವಿವರಿಸಬೇಕಾಗಿಲ್ಲ. ದೈವದ ಲೋಹದ ಮೊಗ, ಖಡ್ಗ, ಗಂಟೆಗಳು ಭಂಡಾರದ ಮನೆಯಲ್ಲಿರುತ್ತವೆ. ನೇಮದ ದಿನ ಮೆರವಣಿಗೆಯಲ್ಲಿ ಹೊರಬರುತ್ತವೆ. ಉಳಿದ ದಿನ ಅವು ಪ್ರದರ್ಶನಕ್ಕಿಲ್ಲ. ಇಂಥ ಹಲವು ಮೊಗಗಳು ಕೈತಪ್ಪಿ ಹೋಗಿ ಇಂದು ಅಮೆರಿಕದ ಮ್ಯೂಸಿಯಮ್ಮುಗಳಲ್ಲಿವೆ. ಅಲ್ಲಿ ಅವಕ್ಕೆ ವರ್ಷವಿಡೀ ಬೆಳಕು, ಆದರೆ ನೇಮವಿಲ್ಲ.

ಮನೆಯ ಮಟ್ಟಿಗೆ ಹೇಳುವುದಾದರೆ ಶ್ರಾವಣದ ವರಮಹಾಲಕ್ಷ್ಮಿಯನ್ನೇ ನೋಡಿ. ತುಂಬಿದ ಕಲಶದ ಮೇಲಿನ ತೆಂಗಿನಕಾಯಿಗೆ ದೇವಿಯ ಮುಖ ಕಟ್ಟಿ, ಸೀರೆ ಉಡಿಸಿ, ಒಂದು ದಿನದ ಮಟ್ಟಿಗೆ ಅವಳನ್ನು ಕರೆಯುತ್ತೇವೆ. ಕದಲಿಸಿದ ಮೇಲೆ ಮುಖ ಮತ್ತೆ ಪೆಟ್ಟಿಗೆಗೆ. ಭಾದ್ರಪದದಲ್ಲಿ ನಮ್ಮ ಮರಾಠಿ ನೆರೆಹೊರೆಯವರು ಜ್ಯೇಷ್ಠಾ ಗೌರಿಯ ‘ಮುಖವಟೆ’ಗಳನ್ನು ತೆಗೆದು ಸೀರೆಯುಟ್ಟ ಗೌರಿಯರನ್ನು ನಿಲ್ಲಿಸುತ್ತಾರೆ. ಮೂರು ದಿನ ತವರಿಗೆ ಬಂದ ಮಗಳಂತೆ ಅವಳ ಉಪಚಾರ. ಎರಡರ ತತ್ವವೂ ಒಂದೇ: ಲೋಹ ಮನೆಯಲ್ಲಿರುತ್ತದೆ, ದೇವಿ ಕರೆದಾಗ ಬರುತ್ತಾಳೆ. ಒಂದೇ ಮಜಲೆಯಲ್ಲಿರುವ ಕನ್ನಡದ ಮನೆ, ಮರಾಠಿ ಮನೆಗಳ ಹೆಂಗಸರು ಪರಸ್ಪರರ ದೇವಿಯನ್ನು ನೋಡಲು ಹೋಗಿ ಅರಿಶಿನ ಕುಂಕುಮ ಪಡೆಯುವ ರೂಢಿ ಈ ನಗರ ನಮಗೆ ಕೊಟ್ಟ ಒಳ್ಳೆಯ ಸಂಗತಿಗಳಲ್ಲೊಂದು.

ಬಾಂದ್ರಾದ ತಾಯಂದಿರು

ದೇವಿ ಮತ್ತು ಮೂರ್ತಿಯ ಸಂಬಂಧಕ್ಕೆ ಬಾಂದ್ರಾ ಒಳ್ಳೆಯ ಪಾಠಶಾಲೆ. ಕೆರೆಯ ಬಳಿ ಸ್ವಾಮಿ ವಿವೇಕಾನಂದ ರಸ್ತೆಯಲ್ಲಿ ಜರಿಮರಿ ಮಾತೆಯ ಗುಡಿಯಿದೆ. ಸಾಂಕ್ರಾಮಿಕ ರೋಗಗಳ ಭಯದಲ್ಲಿ ಜನ ಕೈಮುಗಿದ ತಾಯಿ. ನಮ್ಮ ಮಾರಮ್ಮ, ಮಾರಿಕಾಂಬೆಯರ ಬಳಗದವಳು. ಗುಡ್ಡದ ಮೇಲೆ ಮೌಂಟ್ ಮೇರಿ. ಕೋಳಿ ಜನ ಅವಳನ್ನು ‘ಮೋತ ಮಾವಲಿ’ ಎನ್ನುತ್ತಾರೆ. ಈಗಿನ ಇಗರ್ಜಿಯ ಕಟ್ಟಡ 1904ರದು. ಒಳಗಿನ ಮೇರಿ ಮಾತೆಯ ಮೂರ್ತಿ ಅದಕ್ಕಿಂತ ಬಹಳ ಹಳೆಯದು, ಮರದ್ದು. 1700ರಲ್ಲಿ ಕಡಲ ಮೇಲಿಂದ ಬಂದ ದಾಳಿಕಾರರು ಅವಳ ಕೈಯಲ್ಲಿದ್ದ ಹೊಳೆಯುವ ವಸ್ತುವನ್ನು ಚಿನ್ನವೆಂದು ತಿಳಿದು ಬಲಗೈಯನ್ನೇ ಕತ್ತರಿಸಿದರೆಂದು ಹೇಳಿಕೆಯಿದೆ. ಊನವಾಯಿತೆಂದು ಭಕ್ತರು ಅವಳನ್ನು ಕೈಬಿಡಲಿಲ್ಲ. ಸೆಪ್ಟೆಂಬರಿನ ಜಾತ್ರೆಗೆ ಕ್ರೈಸ್ತರಷ್ಟೇ ಅಲ್ಲ, ಹಿಂದೂಗಳೂ ಗುಡ್ಡ ಹತ್ತುತ್ತಾರೆ. ಮಂಗಳೂರಿನ ಕಡೆಯ ಕ್ರೈಸ್ತ ಬಂಧುಗಳಿಗೆ ಅದು ಮೊಂತಿ ಹಬ್ಬದ ಕಾಲವೂ ಹೌದು. ಕಾಲು ನೋವಿದ್ದವರು ಮೇಣದ ಕಾಲು, ಮನೆ ಬೇಕಾದವರು ಮೇಣದ ಮನೆ ಅರ್ಪಿಸುತ್ತಾರೆ.

ಸೋಮೇಶ್ವರನ ಶಿಲ್ಪಿ ಮೇಣವನ್ನು ಕರಗಿಸಿ ದೇವಿಯನ್ನು ಪಡೆದ. ಬಾಂದ್ರಾದ ಭಕ್ತೆ ತನ್ನ ನೋವನ್ನು ಮೇಣದಲ್ಲಿ ಮಾಡಿ ತಾಯಿಗೆ ಒಪ್ಪಿಸಿದಳು. ಎರಡರಲ್ಲೂ ಮೇಣ ಉಳಿಯುವುದಿಲ್ಲ. ಚಿನ್ನವೆಂದು ಕಂಡವರಿಗೆ ಆ ಮೂರ್ತಿಯ ಒಂದು ಕೈ ಸಿಕ್ಕಿತು. ತಾಯಿಯೆಂದು ಕಂಡವರಿಗೆ ಮೂರ್ತಿ ಸಿಕ್ಕಿತು.

ತಕ್ಕಡಿಯ ಪ್ರಶ್ನೆ

ಈಗ ನಮ್ಮ ನಡುವೆ ನಡೆಯುತ್ತಿರುವ, ಆದರೆ ಯಾರೂ ಗಟ್ಟಿಯಾಗಿ ಹೇಳದ ಒಂದು ವಿಷಯ. ಹಿರಿಯರು ತೀರಿಕೊಂಡ ಮೇಲೆ ಅವರ ಹಿತ್ತಾಳೆಯ ದೇವರುಗಳು ಎಲ್ಲಿಗೆ ಹೋಗುತ್ತವೆ? ಮಗ ಬೆಂಗಳೂರಿನಲ್ಲಿ, ಮಗಳು ಪರದೇಶದಲ್ಲಿ. ‘ನಮಗೆ ದಿನಾ ಪೂಜೆ ಮಾಡಲು ಆಗುವುದಿಲ್ಲ, ಮಾಡದೆ ಇಟ್ಟುಕೊಂಡರೆ ದೋಷ’ ಎಂಬ ಅಂಜಿಕೆ. ಕೆಲವರು ಅಶ್ವತ್ಥದ ಬುಡದಲ್ಲಿ ಇಟ್ಟು ಬರುತ್ತಾರೆ. ಕೆಲವರು ಪಾತ್ರೆಪಗಡಿಗಳ ಜೊತೆಗೆ ಭಂಗಾರ್‌ವಾಲಾನ ತಕ್ಕಡಿಗೆ ಹಾಕುತ್ತಾರೆ. ಮುಂಬಾದೇವಿಯ ಗುಡಿಗೆ ಸಮೀಪದಲ್ಲೇ ಇರುವ ಹಿತ್ತಾಳೆ ತಾಮ್ರದ ಪೇಟೆಗೆ ‘ತಾಂಬಾ ಕಾಟಾ’ ಎಂದು ಹೆಸರು. ತಾಮ್ರದ ತಕ್ಕಡಿ ಎಂದು ಅರ್ಥ. ತಕ್ಕಡಿಗೆ ದೇವಿಯೂ ಒಂದೇ, ಕೊಳಗವೂ ಒಂದೇ.

ಹನ್ನೆರಡನೆಯ ಶತಮಾನದ ಶರಣರು ಕೇಳಿದ ಪ್ರಶ್ನೆ ಇಲ್ಲಿ ಮತ್ತೆ ನಮ್ಮ ಮುಂದೆ ನಿಲ್ಲುತ್ತದೆ. ಸೋಮೇಶ್ವರ ಮೂರ್ತಿ ಮಾಡುವ ಕ್ರಮ ಬರೆದ ಅದೇ ಕಲ್ಯಾಣದಲ್ಲಿ, ಒಂದು ತಲೆಮಾರು ಕಳೆಯುವಷ್ಟರಲ್ಲಿ ಬಸವಣ್ಣನವರು, ಬೆಂಕಿಗೆ ಕರಗುವ, ಕಷ್ಟ ಬಂದರೆ ಮಾರಿಬಿಡಬಹುದಾದ ದೇವರು ಎಂಥ ದೇವರು ಎಂಬ ಅರ್ಥದಲ್ಲಿ ಪ್ರಶ್ನಿಸಿದರು. ಮೂರ್ತಿಪೂಜೆ ಮಾಡುವವರಿಗೆ ಇದು ಕಹಿಯಾಗಬಹುದು. ಆದರೆ ಅವರು ಪೂಜೆಗೆ ಕೊಟ್ಟದ್ದು ಅಂಗೈ ಮೇಲಿನ ಇಷ್ಟಲಿಂಗ. ಅಂದರೆ ಇನ್ನೂ ಹತ್ತಿರ, ಇನ್ನೂ ಮುಟ್ಟುವಂಥದ್ದು. ಭಾಗವತವೂ ಎಂಟು ಬಗೆಯ ಪ್ರತಿಮೆಗಳನ್ನು ಎಣಿಸುವಾಗ ಕಲ್ಲು, ಮರ, ಲೋಹಗಳ ಸಾಲಿನಲ್ಲೇ ಮನಸ್ಸಿನಲ್ಲಿ ಮಾಡಿದ ಪ್ರತಿಮೆಯನ್ನೂ ಸೇರಿಸುತ್ತದೆ. ಮಾರುವವರಿಗೆ ಅದು ಮಾರುವ ದೇವರೇ ಎಂಬುದು ಶರಣರ ಮಾತಿನ ತಿರುಳು. ಆ ಮಾತನ್ನು ಸುಳ್ಳಾಗಿಸುವ ಜವಾಬ್ದಾರಿ ಪೂಜಿಸುವವರದು.

ಇದಕ್ಕೆ ಈಚಿನ ಒಂದು ಘಟನೆಯನ್ನು ಸೇರಿಸಬಹುದು. ಕೆನಡಾದ ರೆಜೈನಾ ನಗರದ ಒಂದು ಕಲಾಶಾಲೆಯಲ್ಲಿ ಕಾಶಿಯಿಂದ ಕದ್ದೊಯ್ದ ಪುಟ್ಟ ಕಲ್ಲಿನ ಮೂರ್ತಿಯೊಂದು ಹಲವು ದಶಕ ‘ವಿಷ್ಣು’ ಎಂಬ ಹೆಸರಿನಲ್ಲಿತ್ತು. 2019ರಲ್ಲಿ ಕಲಾವಿದೆ ದಿವ್ಯಾ ಮೆಹ್ರಾ ಅದು ಹೆಣ್ಣಿನ ಮೂರ್ತಿಯಲ್ಲವೇ ಎಂದು ಸಂಶಯ ಎತ್ತಿದರು. ನೋಡಿದರೆ ಒಂದು ಕೈಯಲ್ಲಿ ಅನ್ನದ ಬಟ್ಟಲು, ಇನ್ನೊಂದರಲ್ಲಿ ಸೌಟು: ಅನ್ನಪೂರ್ಣೆ! 2021ರ ನವೆಂಬರಿನಲ್ಲಿ ಅವಳು ಕಾಶಿ ವಿಶ್ವನಾಥನ ಆವರಣಕ್ಕೆ ಮರಳಿ ಪೂಜೆಗೆ ಕುಳಿತಳು. ವಿದ್ವಾಂಸರ ಕಣ್ಣಿಗೆ ಅಷ್ಟು ಕಾಲ ಬೀಳದ ಸೌಟನ್ನು ನಮ್ಮ ಯಾವ ಅಜ್ಜಿಯಾದರೂ ಒಂದು ಗಳಿಗೆಯಲ್ಲಿ ಗುರುತಿಸುತ್ತಿದ್ದರು. ಮಹಾರಾಷ್ಟ್ರದಲ್ಲೂ ಉತ್ತರ ಕರ್ನಾಟಕದ ಹಲವು ಮನೆಗಳಲ್ಲೂ ಮದುಮಗಳಿಗೆ ತವರಿನಿಂದ ಅನ್ನಪೂರ್ಣೆಯನ್ನು ಕೊಟ್ಟು ಕಳುಹಿಸುವ ಪದ್ಧತಿಯಿದೆಯಲ್ಲ, ಆ ತಿಳಿವಳಿಕೆ ಅಲ್ಲಿಂದ ಬಂದುದು. ಕೈಯಲ್ಲಿ ಹಿಡಿದು ಬೆಳಗಿದವರಿಗೆ ಮೂರ್ತಿಯ ಬಗ್ಗೆ ಗೊತ್ತಿರುವುದು ಕೂಡ ಒಂದು ವಿದ್ವತ್ತೇ. ಅವರ ಜೊತೆಗೆ ಅದು ಹೋಗಿಬಿಡುತ್ತಿದೆ.

ಆದ್ದರಿಂದ ನಮ್ಮ ಓದುಗರಲ್ಲಿ ಕೆಲವು ವಿನಂತಿಗಳು. ಮನೆಯ ದೇವಿಯ ಹೆಸರು, ಅವಳು ಬಂದ ಊರು, ತಂದವರು, ಅವಳಿಗೆ ಸಲ್ಲುವ ಹಬ್ಬ, ನೈವೇದ್ಯ ಇಷ್ಟನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಮೂರ್ತಿಯ ಜೊತೆಗೇ ಇಡಿ. ಕನ್ನಡ ಓದಲು ಬಾರದ ಮೊಮ್ಮಕ್ಕಳಿಗೆ ಓದಿ ಹೇಳಿ. ದಿನವೂ ಪೂಜೆ ಸಾಗದಿದ್ದರೆ ವರ್ಷಕ್ಕೊಮ್ಮೆ ನವರಾತ್ರಿಯಲ್ಲಿ ತೆಗೆದು ಬೆಳಗಿ, ಒಂದು ಹೂವಿಡಿ. ವರಮಹಾಲಕ್ಷ್ಮಿಯ ಮುಖ ವರ್ಷದ ಉಳಿದ ದಿನ ಪೆಟ್ಟಿಗೆಯಲ್ಲೇ ಇರುತ್ತದೆ, ಅವಳೇನೂ ಮುನಿಸಿಕೊಂಡಿಲ್ಲ. ಮೂರ್ತಿ ಮುರಿದಿದ್ದರೆ ಗುಜರಿಗೆ ಹಾಕಬೇಕಾಗಿಲ್ಲ. ಜೀರ್ಣವಾದ ಲೋಹದ ಪ್ರತಿಮೆಯನ್ನು ಕರಗಿಸಿ ಮತ್ತೆ ಎರಕ ಹೊಯ್ಯಲು ಶಾಸ್ತ್ರದಲ್ಲೇ ಅವಕಾಶವಿದೆ. ಪರದೇಶದ ಮಕ್ಕಳಿಗೆ ಕಳುಹಿಸುವವರು ಒಂದು ಕಾನೂನು ನೆನಪಿಡಬೇಕು: 1972ರ ಪುರಾತನ ವಸ್ತುಗಳ ಕಾಯಿದೆಯಂತೆ ನೂರು ವರ್ಷ ಮೀರಿದ ವಿಗ್ರಹವನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಇನ್ನು ಹೊಸದಾಗಿ ಕೊಳ್ಳುವವರು ಚಿಕ್ಕದನ್ನು ಕೊಳ್ಳಲಿ, ಬೆನ್ನು ತಿರುಗಿಸಿ ನೋಡಲಿ, ನೀರು ಹಾಕಬಹುದೇ ಎಂದು ಕೇಳಲಿ.

ನಮ್ಮ ಸಂಘಗಳೂ ಒಂದು ಕೆಲಸ ಮಾಡಬಹುದು. ನವರಾತ್ರಿಯಲ್ಲಿ ಗೊಂಬೆ ಕೂರಿಸುವ ಸ್ಪರ್ಧೆ, ರಂಗೋಲಿ ಸ್ಪರ್ಧೆಗಳ ಜೊತೆಗೆ ಒಂದು ಮಧ್ಯಾಹ್ನ ಸದಸ್ಯರು ತಮ್ಮ ಮನೆಯ ದೇವಿಯನ್ನು ತಂದು, ಅವಳ ಕಥೆಯನ್ನು ಐದು ನಿಮಿಷ ಹೇಳಲಿ. ಬಹುಮಾನ ಬೇಡ, ಎತ್ತರ ಅಳೆಯುವುದು ಬೇಡ. ಒಬ್ಬರು ಸವದತ್ತಿಯಿಂದ, ಒಬ್ಬರು ಕುಂದಾಪುರದಿಂದ, ಒಬ್ಬರು ನಾಗಮಂಗಲದಿಂದ ಬಂದ ದೇವಿಯನ್ನು ಮೇಜಿನ ಮೇಲೆ ಇಟ್ಟರೆ ಕರ್ನಾಟಕದ ನಕ್ಷೆಯೇ ಅಲ್ಲಿ ನಿಲ್ಲುತ್ತದೆ. ಹಿಂದಿನ ದಿನ ಅವರನ್ನೆಲ್ಲ ಹುಣಸೆಹಣ್ಣು ಹಚ್ಚಿ ಬೆಳಗುವ ಕೆಲಸವನ್ನು ಮಾತ್ರ ಈ ಸಲ ಗಂಡಸರಿಗೂ ಮಕ್ಕಳಿಗೂ ಬಿಟ್ಟುಕೊಡೋಣ.